ಅಪ್ಪ ಬಂದ, ಗಂಡ ಬರಲಿಲ್ಲ

ಎಲ್ಲರಿಗೂ ನಮಸ್ಕಾರ. ‘ಮಿಸೆಸ್ ಡೌಟ್‌ಫೈರ್’ ಸಿನಿಮಾ ಈಗ ತಾನೇ ನೋಡಿದ್ದೀರಿ, ಕಥೆ ಹೇಳುತ್ತಾ ಕೂರುವುದಿಲ್ಲ. ವಿಚ್ಛೇದನವಾದ ಡೇನಿಯಲ್ ಮಕ್ಕಳ ಜೊತೆ ಇರಲು ಅಜ್ಜಿಯ ವೇಷ ಹಾಕಿ, ಡೌಟ್‌ಫೈರ್ ಅನ್ನೋ ಹೆಸರಲ್ಲಿ ಮಾಜಿ ಹೆಂಡತಿ ಮಿರಾಂಡಾ ಮನೆಗೇ ಕೆಲಸಕ್ಕೆ ಸೇರುತ್ತಾನೆ, ಅಷ್ಟು ಸಾಕು. ದೀಪ ಹತ್ತಿಸಿದ ತಕ್ಷಣ ಒಂದು ಮಾತು ಕಿವಿಗೆ ಬಿತ್ತು: ‘ಇಷ್ಟೆಲ್ಲ ಆದಮೇಲೆ ಅವರಿಬ್ಬರನ್ನ ಒಂದು ಮಾಡಬಹುದಿತ್ತಲ್ವಾ?’ ಬರೆದುಕೊಂಡು ಬಂದದ್ದು ಬದಿಗಿರಲಿ. ಇದಕ್ಕೇ ಉತ್ತರ ಹೇಳುತ್ತೇನೆ.

ಮಾಡಬಾರದಿತ್ತು. ಮೊದಮೊದಲ ಚಿತ್ರಕಥೆಯಲ್ಲಿ ಡೇನಿಯಲ್, ಮಿರಾಂಡಾ ಒಂದಾಗುತ್ತಿದ್ದರು. ನಿರ್ದೇಶಕ ಕ್ರಿಸ್ ಕೊಲಂಬಸ್, ಡೇನಿಯಲ್ ಆಗಿದ್ದ ರಾಬಿನ್ ವಿಲಿಯಮ್ಸ್, ಮಿರಾಂಡಾ ಆಗಿದ್ದ ಸ್ಯಾಲಿ ಫೀಲ್ಡ್ ಮೂವರೂ ಬೇಡ ಅಂದರು. ಅಪ್ಪ ಅಮ್ಮ ಬೇರೆಯಾದ ಮಕ್ಕಳು ಇದನ್ನು ನೋಡುತ್ತಾರೆ, ಅವರಿಗೆ ಸುಳ್ಳು ಆಸೆ ಹುಟ್ಟಿಸಬಾರದು ಅಂತ. 1993ರಲ್ಲಿ, ಅದೂ ನಗಿಸುವ ಸಿನಿಮಾಗೆ, ಇಷ್ಟು ಗಟ್ಟಿಯಾಗಿ ನಿಲ್ಲುವುದು ಸುಮ್ನೆ ಅಲ್ಲ.

ನಮ್ಮಲ್ಲಿ ಏನಾಯ್ತು? ಇದೇ ಎಳೆ ಹಿಡಿದು ಕಮಲ್ ಹಾಸನ್ 1996ರಲ್ಲಿ ತಮಿಳಿನ ‘ಅವ್ವೈ ಷಣ್ಮುಗಿ’, ಮರುವರ್ಷ ಹಿಂದಿಯ ‘ಚಾಚಿ 420’ ಮಾಡಿದರು. ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೇನೆ, ಸುಳ್ಳು ಹೇಳಲ್ಲ. ಆದರೆ ಎರಡರಲ್ಲೂ ಕೊನೆಗೆ ಗಂಡ ಹೆಂಡತಿ ಒಂದಾದರು. ಅಪ್ಪನಿಗೆ ಮಗು ಸಿಗಬೇಕಾದರೆ ಹೆಂಡತಿಯೂ ಸಿಗಲೇಬೇಕು, ಒಂದು ಕೊಂಡರೆ ಒಂದು ಫ್ರೀ ಥರ!

ಡೇನಿಯಲ್ ಕೆಟ್ಟ ಅಪ್ಪ ಅಲ್ಲ, ಮಜಾ ಮಾಡಿಸುವ ಅಪ್ಪ. ಮಗನ ಹುಟ್ಟುಹಬ್ಬಕ್ಕೆ ಮನೆತುಂಬ ಪ್ರಾಣಿಗಳನ್ನು ತುಂಬಿಸಿ ಟೇಬಲ್ ಹತ್ತಿ ಕುಣಿಯುತ್ತಾನೆ. ಕೆಲಸ ಬಿಟ್ಟು ಓಡಿಬಂದು ಕೆಟ್ಟವಳಾಗುವ ಪಾಲು ಮಿರಾಂಡಾದು. ಅದೇ ಮನುಷ್ಯ ಸೀರಿಯಸ್ಸಾಗಿ ಟಿವಿ ಆರಿಸಿ ಹೋಮ್‌ವರ್ಕ್ ಮಾಡಿಸೋದು ಯಾವಾಗ? ವಿಗ್ ಹಾಕಿಕೊಂಡು ಮನೆಗೆಲಸದವಳಾದ ಮೇಲೆ.

ಇನ್ನೊಂದು ದೃಶ್ಯ ನೋಡಿದಿರಲ್ಲ? ಮಿರಾಂಡಾ ಈ ಕೆಲಸದಾಕೆಯ ಮುಂದೆ ತನ್ನ ಮದುವೆಯ ಕಷ್ಟ ತೋಡಿಕೊಳ್ಳುತ್ತಾಳೆ. ಇದನ್ನು ಅವನಿಗೆ ಹೇಳಲಿಲ್ಲವೇ ಅಂದರೆ, ಗಂಭೀರ ಮಾತು ಅವನಿಗೆ ಹಿಡಿಸುತ್ತಿರಲಿಲ್ಲ ಅನ್ನುತ್ತಾಳೆ. ಕೇಳಿಸಿಕೊಳ್ಳುತ್ತಿರುವವನು ಅವನೇ! ಈ ಚಿತ್ರದ ಮೇಕಪ್ಪಿಗೆ ಆಸ್ಕರ್ ಬಂತು. ನನ್ನನ್ನು ಕೇಳಿದರೆ ಆ ದೃಶ್ಯದ ಕಿವಿಗಳಿಗೂ ಒಂದು ಕೊಡಬೇಕಿತ್ತು.

ಒಂದು ಕಥೆ ಹೇಳಲೇಬೇಕು. ಹಿರಿಮಗಳು ಲಿಡಿಯಾ ಆಗಿದ್ದ ಲೀಸಾ ಜೇಕಬ್‌ಗೆ ಆಗ 14 ವರ್ಷ. ಶೂಟಿಂಗ್ ಅಂತ ತಿಂಗಳುಗಟ್ಟಲೆ ದೂರ ಇದ್ದಳು. ಕೆನಡಾದಲ್ಲಿದ್ದ ಅವಳ ಶಾಲೆ, ‘ಇನ್ನು ಬರಬೇಡ’ ಎಂದು ಪತ್ರ ಕಳಿಸಿತು. ಸೆಟ್ಟಿನಲ್ಲಿ ಹುಡುಗಿಯ ಮುಖ ಬಾಡಿದ್ದು ಕಂಡು ರಾಬಿನ್ ವಿಲಿಯಮ್ಸ್ ವಿಷಯ ಕೇಳಿದರು. ಪ್ರಿನ್ಸಿಪಾಲರಿಗೆ ತಾವೇ ಪತ್ರ ಬರೆದರು: ದಯವಿಟ್ಟು ಮತ್ತೆ ಸೇರಿಸಿಕೊಳ್ಳಿ ಅಂತ. ಶಾಲೆ ಏನು ಮಾಡಿತು ಗೊತ್ತಾ? ಆ ಪತ್ರಕ್ಕೆ ಫ್ರೇಮ್ ಹಾಕಿಸಿ ಆಫೀಸಿನ ಗೋಡೆಗೆ ನೇತುಹಾಕಿತು. ಹುಡುಗಿಯನ್ನು ಮಾತ್ರ ಸೇರಿಸಿಕೊಳ್ಳಲಿಲ್ಲ! (ನಗಬೇಡಿ, ಇಂಥ ಆಫೀಸುಗಳು ಎಲ್ಲ ಕಡೆ ಇವೆ.) 2014ರಲ್ಲಿ ವಿಲಿಯಮ್ಸ್ ತೀರಿಕೊಂಡಾಗ ಲೀಸಾ ಇದನ್ನೇ ನೆನೆದು ಬರೆದಳು. ಕೆಲಸ ಆಗಲಿಲ್ಲ, ಆದರೂ ತನ್ನ ಪರ ಒಬ್ಬರು ನಿಂತರು ಅನ್ನೋದು ಅವಳಿಗೆ ದೊಡ್ಡದಾಗಿತ್ತು.

ಚೀಟಿ ಬಂತು, ಎರಡೇ ನಿಮಿಷವಂತೆ. 1979ರ ‘ಕ್ರೇಮರ್ ವರ್ಸಸ್ ಕ್ರೇಮರ್’ ಬಗ್ಗೆ ಜಾಸ್ತಿ ಹೇಳಬೇಕಿತ್ತು, ಬಿಡಿ. ಅಲ್ಲಿ ಕೋರ್ಟಿನಲ್ಲಿ ಗೆದ್ದ ತಾಯಿ ಮಗನನ್ನು ಅಪ್ಪನ ಹತ್ತಿರವೇ ಬಿಡುತ್ತಾಳೆ. ಅದರ ಎಳೆ ಹಿಡಿದ ಹಿಂದಿಯ ‘ಅಕೇಲೇ ಹಮ್ ಅಕೇಲೇ ತುಮ್’ನಲ್ಲಿ? ಸರಿಯಾಗಿ ಹೇಳಿದಿರಿ, ಒಂದಾದರು.

‘ಡೌಟ್‌ಫೈರ್’ನಲ್ಲೂ ನ್ಯಾಯಾಧೀಶರು ಕೊಡದಿದ್ದನ್ನು ಮಿರಾಂಡಾ ತಾನಾಗಿ ಕೊಡುತ್ತಾಳೆ. ದಿನಾ ಸ್ಕೂಲು ಮುಗಿದ ಮೇಲೆ ಮಕ್ಕಳು ಅಪ್ಪನ ಜೊತೆ. ಅಷ್ಟೇ, ಮದುವೆ ಇಲ್ಲ. ಆಗಲೇ, ಡೇನಿಯಲ್ ಅದೇ ವೇಷದಲ್ಲಿ ನಡೆಸುವ ಟಿವಿ ಕಾರ್ಯಕ್ರಮದಲ್ಲಿ ಡೌಟ್‌ಫೈರ್ ಅಜ್ಜಿ, ಅಪ್ಪ ಅಮ್ಮ ಬೇರೆಯಾದ ಕೇಟಿ ಎಂಬ ಹುಡುಗಿಗೆ ಉತ್ತರ ಹೇಳುತ್ತಾಳೆ: ಅವರು ಮತ್ತೆ ಒಂದಾಗದಿದ್ದರೆ ಅದು ನಿನ್ನ ತಪ್ಪಲ್ಲ. ಇಷ್ಟು ಹೇಳಿಸಿ, ಮರುಕ್ಷಣ ಇವರಿಬ್ಬರನ್ನು ತಬ್ಬಿಸಿ ನಿಲ್ಲಿಸಿದ್ದರೆ ಆ ಕೇಟಿಗೆ ಏನನ್ನಿಸಬೇಕು ಹೇಳಿ? ಮೈಕ್ ಕಳಿಸುತ್ತಿದ್ದಾರೆ. ಜಗಳ ಇದ್ದರೆ ಜೋರಾಗಿಯೇ ಮಾಡಿ.