ಕನ್ನಡದ ಕೈ ಹಿಡಿದು ಸ್ಪ್ಯಾನಿಷ್: ಸಲಮಾಂಕಾದ ಒಂದು ವರ್ಷ

ಎಲ್ಲರಿಗೂ ನಮಸ್ಕಾರ.

ಒಂದು ಅಡುಗೆಮನೆಯಿಂದಲೇ ಮಾತು ಶುರು ಮಾಡುತ್ತೇನೆ. ಸ್ಪೇನ್ ದೇಶದ ಸಲಮಾಂಕಾ ಊರು. ಎಕ್ಸ್‌ಚೇಂಜ್ ವಿದ್ಯಾರ್ಥಿಯಾಗಿ ನಾನು ಅಲ್ಲಿಗೆ ಹೋಗಿ ಮೂರನೇ ವಾರ. ಉಳಿದುಕೊಂಡಿದ್ದದ್ದು ಅರವತ್ತು ದಾಟಿದ ಒಬ್ಬ ಹೆಂಗಸಿನ ಮನೆಯಲ್ಲಿ. ಅವರನ್ನು ಸೆನ್ಯೋರಾ ಅನ್ನುತ್ತಿದ್ದೆ. ರಾತ್ರಿ ಊಟವಾದ ಮೇಲೆ ಪಾತ್ರೆ ಒರೆಸುತ್ತಿದ್ದಾಗ ಗಾಜಿನ ಲೋಟವೊಂದು ಟೈಲ್ಸ್ ಮೇಲೆ ಬಿದ್ದು ಚೂರುಚೂರಾಯಿತು. ಗಾಬರಿಯಲ್ಲಿ, ಕ್ಲಾಸಿನಲ್ಲಿ ಕಲಿತದ್ದನ್ನೆಲ್ಲ ಒಟ್ಟುಗೂಡಿಸಿ, ‘ಎ ರೋತೊ ಎಲ್ ಬಾಸೊ’ ಅಂದೆ. ನಾನು ಲೋಟ ಒಡೆದಿದ್ದೇನೆ ಎಂದರ್ಥ. ವ್ಯಾಕರಣದಲ್ಲಿ ಒಂದು ತಪ್ಪೂ ಇರಲಿಲ್ಲ. ಸೆನ್ಯೋರಾ ಪೊರಕೆ ತಂದರು, ಬರಿಗಾಲಲ್ಲಿದ್ದ ನನ್ನನ್ನು ಪಕ್ಕಕ್ಕೆ ಸರಿಸಿದರು, ಚೂರು ಗುಡಿಸುತ್ತಾ ತಲೆ ಎತ್ತದೆ ಹೇಳಿದರು: ‘ನೋ, ಸೆ ತೆ ಆ ಕಯೀದೊ.’ ಅಂದರೆ, ಅದು ತಾನಾಗಿ ನಿನ್ನ ಕೈಯಿಂದ ಬಿದ್ದಿದೆ.

ಒರೆಸುವ ಬಟ್ಟೆ ಕೈಯಲ್ಲಿ ಹಿಡಿದು ನಾನು ಹಾಗೇ ನಿಂತೆ. ಏಕೆಂದರೆ ಕನ್ನಡದಲ್ಲಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ‘ಅಯ್ಯೋ, ಕೈ ಜಾರಿ ಬಿತ್ತು’ ಅನ್ನುತ್ತಿದ್ದೆ. ‘ನಾನು ಒಡೆದಿದ್ದೇನೆ’ ಅನ್ನುವುದು ಬೇಕೆಂದೇ ಒಡೆದವನ ಮಾತು. ಹಾಗಾದರೆ ಆ ವಾಕ್ಯ ನನ್ನ ಬಾಯಿಗೆ ಬಂದದ್ದು ಎಲ್ಲಿಂದ? ಇಂಗ್ಲಿಷಿನಿಂದ. ಮೂರು ವಾರಗಳಿಂದ ನಾನು ಕನ್ನಡದಲ್ಲಿ ಯೋಚಿಸಿ, ಅದನ್ನು ಇಂಗ್ಲಿಷಿಗೆ ತಿರುಗಿಸಿ, ಇಂಗ್ಲಿಷಿನಿಂದ ಸ್ಪ್ಯಾನಿಷಿಗೆ ತಿರುಗಿಸುತ್ತಿದ್ದೆ. ನಡುವಿನ ಆ ಸುತ್ತುದಾರಿಯಲ್ಲಿ ಲೋಟ ನನ್ನ ತಪ್ಪಾಗಿಬಿಟ್ಟಿತ್ತು. ಇವತ್ತು ನಿಮ್ಮೆದುರು ನಾನು ಹೇಳಬೇಕೆಂದು ಬಂದಿರುವುದು ಇಷ್ಟೇ: ಕನ್ನಡದವರು ಸ್ಪ್ಯಾನಿಷ್ ಕಲಿಯುವಾಗ ಈ ಸುತ್ತುದಾರಿ ಬೇಕಾಗಿಲ್ಲ. ಬಹಳ ಕಡೆ ನೇರ ದಾರಿಯೇ ಇದೆ. ನಮ್ಮ ಕೈಗೆ ಸಿಗುವ ಪುಸ್ತಕಗಳೆಲ್ಲ ಇಂಗ್ಲಿಷ್ ಮಾತಾಡುವವರಿಗಾಗಿ ಬರೆದವು, ಹಾಗಾಗಿ ಅದನ್ನು ಯಾರೂ ನಮಗೆ ತೋರಿಸಿಕೊಡುವುದಿಲ್ಲ.

ಉಚ್ಚಾರಣೆಯನ್ನೇ ನೋಡಿ. ಸ್ಪ್ಯಾನಿಷಿನಲ್ಲಿ ಐದೇ ಸ್ವರ, ನಮ್ಮ ಅ, ಎ, ಇ, ಒ, ಉ ಇದ್ದ ಹಾಗೆ; ಎಲ್ಲೂ ಎಳೆದಾಡುವುದಿಲ್ಲ, ಬಣ್ಣ ಬದಲಿಸುವುದಿಲ್ಲ. ಅವರ ‘ತ’ ಮತ್ತು ‘ದ’ ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವ ನಮ್ಮ ತ, ದಗಳೇ. ಪ, ತ, ಕಗಳಿಗೆ ಉಸಿರು ಸೇರಿಸದೆ ಹೇಳುವುದನ್ನು ನನ್ನ ಜೊತೆಗಿದ್ದ ಅಮೆರಿಕದ ವಿದ್ಯಾರ್ಥಿಗಳು ಬಾಯಿಯ ಮುಂದೆ ಕಾಗದದ ಚೂರು ಹಿಡಿದುಕೊಂಡು ಅಭ್ಯಾಸ ಮಾಡುತ್ತಿದ್ದರು, ಕಾಗದ ಅಲುಗಬಾರದು ಅಂತ. ಅಲ್ಪಪ್ರಾಣ, ಮಹಾಪ್ರಾಣ ಬೇರೆ ಬೇರೆ ಎಂದು ಒಂದನೇ ತರಗತಿಯಲ್ಲೇ ಕಲಿತ ನಮಗೆ ಅದು ಕಷ್ಟವೇ ಅಲ್ಲ. ನನಗೆ ಕಷ್ಟವಾದದ್ದು ಒಂದೇ, ಎರಡು ಬಗೆಯ ರಕಾರ. ‘ಪೇರೊ’ ಅಂದರೆ ಆದರೆ. ರಕಾರವನ್ನು ಒತ್ತಿ ನಡುಗಿಸಿ ‘ಪೇಱೊ’ ಅಂದರೆ ನಾಯಿ. ಹಳಗನ್ನಡದಲ್ಲಿ ನಮಗೂ ಎರಡು ಇದ್ದವು. ಆಱು, ಅಱಿವು ಎಂದು ಬರೆಯುತ್ತಿದ್ದ ಆ ಶಕಟರೇಫವನ್ನು ನಾವು ಬಿಟ್ಟುಕೊಟ್ಟು ಶತಮಾನಗಳಾದವು. ಪಂಪನ ಕಾಲದವರು ಸಲಮಾಂಕಾಕ್ಕೆ ಹೋಗಿದ್ದರೆ ನನಗಿಂತ ಬೇಗ ಕಲಿಯುತ್ತಿದ್ದರೇನೋ ಎಂದು ಎಷ್ಟೋ ಸಲ ಅನ್ನಿಸಿದೆ.

ಇನ್ನು ‘ಇಷ್ಟ’ ಎಂಬ ಮಾತು. ‘ಮೆ ಗುಸ್ತಾ ಎಲ್ ಕಾಫೆ’ ಎಂಬ ವಾಕ್ಯವನ್ನು ವಿವರಿಸಲು ನಮ್ಮ ಟೀಚರ್ ಒಂದು ಇಡೀ ಪೀರಿಯಡ್ ತೆಗೆದುಕೊಂಡರು. ಇಲ್ಲಿ ಕಾಫಿಯೇ ಕರ್ತೃ, ನಾನು ಕರ್ತೃವಲ್ಲ, ಕಾಫಿ ನನಗೆ ಹಿತವಾಗುತ್ತದೆ ಎಂದು ಬೋರ್ಡಿನ ಮೇಲೆ ಬಾಣ ಎಳೆದು ತೋರಿಸಿದರು. ನಾನು ನೋಟ್‌ಬುಕ್ಕಿನಲ್ಲಿ ಒಂದೇ ಸಾಲು ಬರೆದುಕೊಂಡೆ: ‘ನನಗೆ ಕಾಫಿ ಇಷ್ಟ.’ ಮುಗಿಯಿತು. ತಲೆ ನೋಯುವುದು, ಬೇಸರವಾಗುವುದು, ಮರೆತುಹೋಗುವುದು, ಇವೆಲ್ಲ ನಮಗೆ ‘ಆಗುವ’ ಸಂಗತಿಗಳು, ಅವರಿಗೂ ಹಾಗೆಯೇ. ‘ನಾನು ಮರೆತೆ’ ಅನ್ನುವ ಬದಲು ‘ನನಗೆ ಮರೆತುಹೋಯಿತು’ ಅನ್ನುವ ಸೌಕರ್ಯ ಎರಡು ಭಾಷೆಗೂ ಇದೆ. ಇದನ್ನು ನಾನು ದೊಡ್ಡ ಸಂಗತಿ ಎಂದೇ ತಿಳಿಯುತ್ತೇನೆ. ಮನುಷ್ಯ ಎಲ್ಲದಕ್ಕೂ ತಾನೇ ಯಜಮಾನನಲ್ಲ ಎಂಬುದು ಈ ಎರಡು ಭಾಷೆಗಳ ವಾಕ್ಯದೊಳಗೇ ಕೂತಿದೆ.

ಸ್ಪ್ಯಾನಿಷ್ ಕಲಿಯುವವರು ಹೆಚ್ಚು ಹೆದರುವುದು ‘ಸೇರ್’ ಮತ್ತು ‘ಎಸ್ತಾರ್’ ಎಂಬ ಎರಡು ಕ್ರಿಯಾಪದಗಳಿಗೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ. ಶಾಶ್ವತವಾದದ್ದಕ್ಕೆ ಸೇರ್, ತಾತ್ಕಾಲಿಕವಾದದ್ದಕ್ಕೆ ಎಸ್ತಾರ್ ಎಂದು ಎಷ್ಟೋ ಪುಸ್ತಕಗಳು ಹೇಳಿಕೊಡುತ್ತವೆ. ಈ ಸೂತ್ರ ನಂಬಿದವರು ಬೇಗ ಮುಗ್ಗರಿಸುತ್ತಾರೆ. ಸಲಮಾಂಕಾ ಸ್ಪೇನಿನಲ್ಲಿದೆ ಅನ್ನುವುದಕ್ಕೆ ಎಸ್ತಾರ್ ಬರುತ್ತದೆ. ಊರು ನಾಳೆ ಬೇರೆ ಕಡೆ ಹೋಗುತ್ತದೆಯೇ? ಒಬ್ಬರು ಸತ್ತಿದ್ದಾರೆ ಅನ್ನುವುದಕ್ಕೂ ಎಸ್ತಾರ್. ಸಾವಿಗಿಂತ ಶಾಶ್ವತವಾದದ್ದು ಯಾವುದು? ಕನ್ನಡದಲ್ಲಿ ಯೋಚಿಸಿ ನೋಡಿ. ‘ಅವನು ಡಾಕ್ಟರು’, ‘ಅವನು ಒಳ್ಳೆಯವನು’, ಇಲ್ಲಿ ಕ್ರಿಯಾಪದವೇ ಬೇಕಿಲ್ಲ. ಅಲ್ಲೆಲ್ಲ ಸೇರ್. ‘ಅವನು ಮನೆಯಲ್ಲಿದ್ದಾನೆ’, ‘ಚೆನ್ನಾಗಿದ್ದಾನೆ’, ‘ಸೂಪು ಬಿಸಿಯಾಗಿದೆ’, ‘ಊರು ಸ್ಪೇನಿನಲ್ಲಿದೆ’, ‘ಅವರು ಸತ್ತಿದ್ದಾರೆ’, ಇವುಗಳಲ್ಲೆಲ್ಲ ನಮ್ಮ ‘ಇರು’ ಬಂದು ಕೂತಿದೆ. ಅಲ್ಲೆಲ್ಲ ಎಸ್ತಾರ್. ಇನ್ನೂ ಸೂಕ್ಷ್ಮ ಒಂದಿದೆ. ಮನುಷ್ಯ ಎಲ್ಲಿ ಎಂದು ಕೇಳಲು ಅವರು ಎಸ್ತಾರ್ ಬಳಸುತ್ತಾರೆ, ಸಭೆ ಎಲ್ಲಿ ಎಂದು ಕೇಳಲು ಸೇರ್. ನಾವೂ ‘ಅವರು ಎಲ್ಲಿದ್ದಾರೆ?’ ಅನ್ನುತ್ತೇವೆ, ಆದರೆ ‘ಸಭೆ ಎಲ್ಲಿ?’ ಎಂದು ಅಲ್ಲಿಗೇ ನಿಲ್ಲಿಸುತ್ತೇವೆ. ಎಲ್ಲ ಕಡೆಯೂ ಈ ಹೊಂದಿಕೆ ಕೂಡಿಬರುತ್ತದೆ ಎಂದು ನಾನು ಹೇಳಲಾರೆ. ಆದರೆ ಶಾಶ್ವತ, ತಾತ್ಕಾಲಿಕ ಎಂಬ ಸೂತ್ರಕ್ಕಿಂತ ಇದು ನನ್ನನ್ನು ಹೆಚ್ಚು ಸಲ ಕಾಪಾಡಿದೆ.

ಸಲಮಾಂಕಾದ ವಿಶ್ವವಿದ್ಯಾಲಯ ಶುರುವಾದದ್ದು 1218ರಲ್ಲಿ, ಲಿಯೋನ್ ರಾಜ್ಯದ ಒಂಬತ್ತನೇ ಅಲ್ಫೋನ್ಸೊ ರಾಜನ ಕಾಲದಲ್ಲಿ. ಹಳೆಯ ಕಟ್ಟಡದ ಮುಂಗೋಡೆ ತುಂಬ ಕಲ್ಲಿನ ಕೆತ್ತನೆ; ಅದರೊಳಗೆ ಎಲ್ಲೋ ಒಂದು ತಲೆಬುರುಡೆ, ಅದರ ಮೇಲೊಂದು ಕಪ್ಪೆ. ಆ ಕಪ್ಪೆಯನ್ನು ತಾವಾಗಿಯೇ ಹುಡುಕಿದವರು ಪರೀಕ್ಷೆಯಲ್ಲಿ ಪಾಸಾಗುತ್ತಾರೆ ಎಂಬ ನಂಬಿಕೆಯಿಂದ ಮಕ್ಕಳು ಕತ್ತೆತ್ತಿ ನಿಂತಿರುತ್ತಾರೆ. ಸ್ಪ್ಯಾನಿಷ್ ಭಾಷೆಯ ಮೊದಲ ವ್ಯಾಕರಣವನ್ನು 1492ರಲ್ಲಿ ಪ್ರಕಟಿಸಿದ ಆಂತೋನಿಯೊ ದೆ ನೆಬ್ರಿಹಾ ಇಲ್ಲೇ ಓದಿದವನು, ಇಲ್ಲೇ ಪಾಠ ಹೇಳಿದವನು. ನಮ್ಮ ಕೇಶಿರಾಜ ಕನ್ನಡದ ವ್ಯಾಕರಣ ಬರೆದದ್ದು ಅದಕ್ಕೂ ಎರಡು ಶತಮಾನ ಹಿಂದೆ ಎಂದು ಒಂದು ದಿನ ಕ್ಲಾಸಿನಲ್ಲಿ ಹೇಳಿದೆ. ಟೀಚರ್ ನನ್ನನ್ನು ಬೋರ್ಡಿಗೆ ಕರೆದು ಆ ಹೆಸರನ್ನು ಕನ್ನಡ ಅಕ್ಷರದಲ್ಲೇ ಬರೆಸಿದರು. ಗಂಟೆ ಮುಗಿಯುವವರೆಗೂ ಅಳಿಸಲಿಲ್ಲ.

ಆ ಕಟ್ಟಡದಲ್ಲಿ ಒಂದು ಹಳೆಯ ತರಗತಿ ಕೋಣೆಯಿದೆ. ಉದ್ದುದ್ದನೆಯ ಒರಟು ಮರದ ದಿಮ್ಮಿಗಳೇ ಬೆಂಚು, ಎದುರಿಗೆ ಎತ್ತರದಲ್ಲಿ ಉಪನ್ಯಾಸಕರ ಪೀಠ. ಫ್ರಾಯ್ ಲೂಯಿಸ್ ದೆ ಲಿಯೋನ್ ಎಂಬ ಪಾದ್ರಿ ಕವಿಯ ಹೆಸರಿನ ಕೋಣೆ ಅದು. ಬೈಬಲ್ಲಿನ ಒಂದು ಭಾಗವನ್ನು ಜನರಾಡುವ ಸ್ಪ್ಯಾನಿಷಿಗೆ ತಂದದ್ದು ಅವನ ಮೇಲಿದ್ದ ಆರೋಪಗಳಲ್ಲಿ ಒಂದು. ಇನ್ಕ್ವಿಸಿಷನ್‌ನವರು, ಅಂದರೆ ಧರ್ಮಕ್ಕೆ ವಿರುದ್ಧ ನಡೆದವರನ್ನು ವಿಚಾರಿಸುತ್ತಿದ್ದ ಚರ್ಚಿನ ನ್ಯಾಯಮಂಡಳಿಯವರು, 1572ರಲ್ಲಿ ಅವನನ್ನು ಹಿಡಿದು ಹಾಕಿದರು. 1576ರ ಕೊನೆಗೆ ಬಿಟ್ಟರು. ಹೆಚ್ಚುಕಡಿಮೆ ಐದು ವರ್ಷ ಸೆರೆಮನೆ. ಮರಳಿ ಬಂದು ಪೀಠವೇರಿದಾಗ ಅವನು ಆಡಿದ ಮೊದಲ ಮಾತು ‘ದೆಥೀಯಮೊಸ್ ಅಯೇರ್’ ಎಂದು ಐತಿಹ್ಯ. ಅಂದರೆ ‘ನಿನ್ನೆ ಹೇಳುತ್ತಿದ್ದೆವಲ್ಲ...’

ಈ ಕ್ರಿಯಾಪದವನ್ನು ಗಮನಿಸಿ. ಸ್ಪ್ಯಾನಿಷಿನಲ್ಲಿ ಆಗಿಹೋದದ್ದನ್ನು ಹೇಳಲು ಮುಖ್ಯವಾಗಿ ಎರಡು ರೂಪಗಳಿವೆ, ಅವುಗಳ ವ್ಯತ್ಯಾಸ ವಿದೇಶಿ ವಿದ್ಯಾರ್ಥಿಗಳ ನಿದ್ದೆಗೆಡಿಸುತ್ತದೆ. ‘ಅಬ್ಲೆ’ ಅಂದರೆ ಮಾತಾಡಿದೆ, ‘ಅಬ್ಲಾಬಾ’ ಅಂದರೆ ಮಾತಾಡುತ್ತಿದ್ದೆ. ನಮ್ಮ ಕಿವಿಗೆ ಇದರಲ್ಲಿ ಗೊಂದಲವೇ ಇಲ್ಲ. ‘ಚಿಕ್ಕಂದಿನಲ್ಲಿ ತುಂಬಾ ಓದುತ್ತಿದ್ದೆ’ ಎಂಬ ರೂಢಿಯ ಮಾತಿಗೂ, ‘ಫೋನ್ ಬಂದಾಗ ಓದುತ್ತಿದ್ದೆ’ ಎಂಬುದಕ್ಕೂ ನಾವು ಒಂದೇ ರೂಪ ಬಳಸುತ್ತೇವೆ, ಅವರೂ ಒಂದೇ ರೂಪದಿಂದ ಎರಡನ್ನೂ ಹೇಳಬಲ್ಲರು. ‘ನಿನ್ನೆ ಹೇಳಿದೆವು’ ಎಂದಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ‘ಹೇಳುತ್ತಿದ್ದೆವು’ ಅಂದಾಗ ಪಾಠ ಇನ್ನೂ ನಡೆಯುತ್ತಲೇ ಇದೆ, ನಡುವಿನ ಐದು ವರ್ಷ ಒಂದು ರಾತ್ರಿಯಷ್ಟಾಗುತ್ತದೆ. ಆ ಕೋಣೆಯ ಹಗ್ಗದ ಈಚೆ ನಿಂತು ನನಗೆ ಮೈ ಜುಮ್ಮೆಂದಿತು. ಗೈಡ್ ಅದನ್ನು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದರು. ನನಗೆ ಅದು ಕನ್ನಡದಲ್ಲಿ ಕೇಳಿಸಿತ್ತು.

ಕನ್ನಡ ಕೈಕೊಡುವ ಜಾಗಗಳೂ ಇವೆ, ಅವನ್ನು ಮುಚ್ಚಿಡುವುದಿಲ್ಲ. ಮೇಜು ಹೆಣ್ಣು, ಪುಸ್ತಕ ಗಂಡು ಎಂದು ಒಪ್ಪಿಕೊಳ್ಳಲು ನಮ್ಮ ಮನಸ್ಸು ಸಿದ್ಧವಿಲ್ಲ. ವಸ್ತುಗಳನ್ನೆಲ್ಲ ‘ಅದು’ ಎಂದು ಬಿಟ್ಟವರು ನಾವು. ಪದವನ್ನು ಅದರ ‘ಎಲ್’ ಅಥವಾ ‘ಲಾ’ ಸಮೇತ ಬಾಯಿಪಾಠ ಮಾಡುವುದು ಬಿಟ್ಟು ಬೇರೆ ದಾರಿ ನನಗೆ ಕಾಣಲಿಲ್ಲ. ‘ನಾನು ನಿನ್ನೆ ಕೊಂಡ ಪುಸ್ತಕ’ ಎಂದು ವಿವರವನ್ನೆಲ್ಲ ಮೊದಲಿಟ್ಟು ಹೆಸರನ್ನು ಕೊನೆಗಿಡುವ ನಮ್ಮ ಕ್ರಮ ಅಲ್ಲಿ ಪೂರ್ತಿ ತಿರುಗುಮುರುಗು. ಇಲ್ಲಿ ಇಂಗ್ಲಿಷ್ ಸಹಾಯಕ್ಕೆ ಬರುತ್ತದೆ, ಧಾರಾಳವಾಗಿ ತೆಗೆದುಕೊಳ್ಳಿ.

ಇನ್ನು ಅಲ್ಲಿನ ದಿನಗಳ ಬಗ್ಗೆ. ಮಧ್ಯಾಹ್ನದ ಊಟ ಎರಡು, ಮೂರು ಗಂಟೆಗೆ. ರಾತ್ರಿ ಊಟ ಒಂಬತ್ತರ ಮೇಲೆ. ಹೊಟ್ಟೆ ಎರಡು ವಾರದಲ್ಲಿ ಹೊಂದಿಕೊಳ್ಳುತ್ತದೆ. ಆರು ತಿಂಗಳಿಗಿಂತ ಹೆಚ್ಚು ಇರುವವರು ಬಂದ ಒಂದು ತಿಂಗಳೊಳಗೆ ವಿದೇಶಿಯರ ಗುರುತಿನ ಕಾರ್ಡಿಗೆ ಅರ್ಜಿ ಹಾಕಬೇಕು. ಅದಕ್ಕೆ ‘ಥೀತಾ ಪ್ರೇಬಿಯಾ’ ಬೇಕು, ಅಂದರೆ ಮುಂಗಡವಾಗಿ ಸಮಯ ಗೊತ್ತುಮಾಡಿಕೊಳ್ಳುವುದು. ಇಳಿದ ವಾರವೇ ಮಾಡಿಕೊಳ್ಳಿ. ಅರ್ಜಿಯಲ್ಲಿ ಮೊದಲ ಅಪೆಯೀದೊ, ಎರಡನೇ ಅಪೆಯೀದೊ ಎಂದು ಎರಡು ಮನೆತನದ ಹೆಸರಿಗೆ ಜಾಗವಿರುತ್ತದೆ, ತಂದೆಯ ಕಡೆಯದೊಂದು, ತಾಯಿಯ ಕಡೆಯದೊಂದು. ಇನಿಷಿಯಲ್ ಮಾತ್ರ ಇರುವ ನಮ್ಮಂಥವರು ಅಲ್ಲಿ ಪೆನ್ನು ಹಿಡಿದು ಕೂರಬೇಕಾಗುತ್ತದೆ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ ಎಲ್ಲ ಕಡೆ ಬರೆಯಿರಿ. ಒಂದೊಂದು ಕಡೆ ಒಂದೊಂದು ರೀತಿ ಬರೆದು ನಾನು ಎರಡು ಸಲ ಅಲೆದಿದ್ದೇನೆ.

ಇದಕ್ಕಿಂತ ದೊಡ್ಡ ಕಷ್ಟವನ್ನು ಯಾರೂ ಮುಂಚೆ ಹೇಳಿರಲಿಲ್ಲ. ಊಟವಾದ ಮೇಲೆ ಏಳದೆ ಮೇಜಿನ ಸುತ್ತ ಗಂಟೆಗಟ್ಟಲೆ ಮಾತಾಡುತ್ತಾ ಕೂರುವ ರೂಢಿ ಅಲ್ಲಿದೆ, ‘ಸೋಬ್ರೆಮೇಸಾ’ ಅನ್ನುತ್ತಾರೆ. ಒಬ್ಬರೊಂದಿಗಾದರೆ ಹೇಗೋ ನಿಭಾಯಿಸುತ್ತಿದ್ದೆ. ಐದು ಜನ ಸೇರಿದರೆ, ನಾನು ವಾಕ್ಯ ಜೋಡಿಸಿಕೊಳ್ಳುವಷ್ಟರಲ್ಲಿ ಮಾತು ಎರಡು ವಿಷಯ ದಾಟಿ ಹೋಗಿರುತ್ತಿತ್ತು. ಕನ್ನಡದಲ್ಲಿ ನನಗಿದ್ದ ವಯಸ್ಸು, ಓದು, ತಮಾಷೆ, ಸಿಟ್ಟು ಯಾವುದೂ ಆ ಮೇಜಿನ ಬಳಿಗೆ ನನ್ನೊಂದಿಗೆ ಬಂದಿರಲಿಲ್ಲ. ನಗುತ್ತಾ ತಲೆಯಾಡಿಸುವ ಒಂದು ಮಗು ಅಲ್ಲಿ ಕೂತಿತ್ತು. ನವೆಂಬರ್ ಹೊತ್ತಿಗೆ ಚಳಿ, ಬೇಗ ಕವಿಯುವ ಕತ್ತಲೆ, ಇದೂ ಸೇರಿ ಮನಸ್ಸು ಕುಸಿಯಿತು. ಹೊರಗಿನಿಂದ ಬಂದ ವಿದ್ಯಾರ್ಥಿಗಳೆಲ್ಲ ಒಟ್ಟಾಗಿ ಇಂಗ್ಲಿಷ್ ಮಾತಾಡಿಕೊಂಡು ಓಡಾಡುವುದು ಆಗಲೇ. ಅವರಲ್ಲಿ ಹೆಚ್ಚಿನವರು ಎರಾಸ್ಮಸ್ ಯೋಜನೆಯಲ್ಲಿ ಯುರೋಪಿನ ಬೇರೆ ಬೇರೆ ದೇಶಗಳಿಂದ ಬಂದವರು, 1987ರಿಂದ ನಡೆಯುತ್ತಿರುವ ಯೋಜನೆ ಅದು. ಒಳ್ಳೆಯ ಮಕ್ಕಳು. ನಾನೂ ಆರು ವಾರ ಅವರ ಜೊತೆಗೇ ಇದ್ದೆ, ಆ ಆರು ವಾರ ನನ್ನ ಸ್ಪ್ಯಾನಿಷ್ ಒಂದು ಹೆಜ್ಜೆ ಮುಂದೆ ಹೋಗಲಿಲ್ಲ. ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ. ಆ ಗುಂಪು ಬೆಚ್ಚಗಿರುತ್ತದೆ, ಅದಕ್ಕೇ ಬಿಡುವುದು ಕಷ್ಟ.

ನನ್ನನ್ನು ಹೊರಗೆ ಎಳೆದದ್ದು ಸೆನ್ಯೋರಾ. ಸಂಜೆ ಹೊತ್ತು ಅವರ ಮೊಮ್ಮಗ ಬಂದು ಚೆಸ್ ಆಡುತ್ತಿದ್ದ. ಆ ಆಟಕ್ಕೆ ಅವರ ಹೆಸರು ‘ಅಖೆದ್ರೆಥ್’. ನಮ್ಮ ಚದುರಂಗವೇ ಪರ್ಶಿಯನ್, ಅರಬ್ಬಿ ಬಾಯಿಗಳನ್ನು ದಾಟಿ ಹಾಗಾದದ್ದು. ಸಕ್ಕರೆಗೆ ‘ಅಥೂಕಾರ್’ ಅನ್ನುತ್ತಾರೆ, ಅದೂ ಸಂಸ್ಕೃತದ ಶರ್ಕರದಿಂದ ಹೊರಟು ಅದೇ ದಾರಿಯಲ್ಲಿ ಹೋದ ಪದ. ಹುಡುಗನಿಗೆ ಇದನ್ನು ಹೇಳಬೇಕೆಂದು ನನಗೆ ತುಂಬಾ ಆಸೆಯಾಯಿತು. ವಾಕ್ಯ ಜೋಡಿಸಿಕೊಳ್ಳದೆ, ತಪ್ಪು ತಪ್ಪಾಗಿಯೇ, ಚದುರಂಗದ ಆನೆ, ಕುದುರೆಗಳ ಕಥೆ ಹೇಳಿದೆ. ಅವನು ಆಟ ಬಿಟ್ಟು ಕೇಳಿದ. ಹೇಳಬೇಕೆಂಬ ತವಕವಿದ್ದಾಗ ನಾಲಿಗೆ ವ್ಯಾಕರಣಕ್ಕೆ ಕಾಯುವುದಿಲ್ಲ ಎಂದು ಆ ಸಂಜೆ ತಿಳಿಯಿತು.

ಕೊನೆಯದಾಗಿ, ಎಲ್ಲರೂ ಭಯಪಡಿಸುವ ಸಬ್ಜಂಕ್ಟಿವ್. ಅದರ ಪಾಠ ಬಂದದ್ದು ಮಾರ್ಚಿನಲ್ಲಿ. ಬಯಕೆ, ಹಾರೈಕೆ, ಅನುಮಾನಗಳಿಗೆ ಕ್ರಿಯಾಪದದ ರೂಪವೇ ಬದಲಾಗುತ್ತದೆ. ಅನುಮಾನದ ಭಾಗವನ್ನು ಕಷ್ಟಪಟ್ಟೇ ಕಲಿಯಬೇಕು. ಹಾರೈಕೆಯ ಭಾಗ ಮಾತ್ರ ನಮ್ಮಲ್ಲಿ ಇದ್ದೇ ಇದೆ, ಬರಲಿ, ಆಗಲಿ, ಹೋಗಲಿ ಎಂಬ ‘ಲಿ’ಯಲ್ಲಿ. ಅಲ್ಲಿ ಊಟಕ್ಕೆ ಕೂತವರನ್ನು ಕಂಡರೆ, ಪರಿಚಯವಿರಲಿ ಬಿಡಲಿ, ‘ಕೆ ಅಪ್ರೊಬೇಚೆ’ ಎಂದು ಹೇಳಿ ಮುಂದೆ ಹೋಗುತ್ತಾರೆ. ಆರು ತಿಂಗಳಿಂದ ಅದನ್ನು ದಿನವೂ ಕೇಳಿಸಿಕೊಂಡಿದ್ದೆ, ನಮಸ್ಕಾರದ ಹಾಗೆ ಏನೋ ಒಂದು ಅಂದುಕೊಂಡಿದ್ದೆ. ಪಾಠ ಕೇಳಿದ ಮರುದಿನ ಯೂನಿವರ್ಸಿಟಿಯ ಮೆಟ್ಟಿಲ ಮೇಲೆ ಕೆಲಸದವರೊಬ್ಬರು ಪೊಟ್ಟಣ ಬಿಚ್ಚಿ ತಿನ್ನುತ್ತಿದ್ದರು. ಹತ್ತಿರ ಹಾದುಹೋಗುವಾಗ ಅದರ ಅರ್ಥ ಥಟ್ಟನೆ ಹೊಳೆಯಿತು: ಉಂಡದ್ದು ಮೈಗೆ ಹತ್ತಲಿ. ನಾನು ಅದನ್ನು ಹೇಳಿದೆ. ಬಾಯಲ್ಲಿ ತುತ್ತಿದ್ದದ್ದರಿಂದ ಅವರು ಕೈ ಎತ್ತಿ, ತಲೆಯಾಡಿಸಿದರು.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳುತ್ತೇನೆ.