ಹಳೇ ಡೀಸೆಲ್ ಗಾಡಿ: ಮೊದಲು ಅಡಿಗೆ ಮಲಗಿ ನೋಡಿ

ಕೇಳುಗರಿಗೆ ನಮಸ್ಕಾರ.

ಮಂಡಿಯ ಲೆಕ್ಕ ಚುಕ್ತಾ ಆಗಿ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ನಮ್ಮ ಕಡೆ ಸೆಕೆಂಡ್ ಹ್ಯಾಂಡ್ ಗಾಡಿಯ ಮಾತು ಶುರುವಾಗುತ್ತದೆ. ತೋಟಕ್ಕೆ ಒಂದು ಬೊಲೆರೊ ಪಿಕಪ್ ಬೇಕು, ಮನೆಗೆ ಒಂದು ಸ್ಕಾರ್ಪಿಯೊ ಆದರೂ ಆದೀತು, ಹಳೇ ಇನ್ನೋವಾ ಸಿಕ್ಕರೆ ಇನ್ನೂ ಒಳ್ಳೆಯದು. ಸರಿ. ಗಾಡಿ ನೋಡಲು ಹೋದವರು ಮೊದಲು ಮಾಡುವ ಕೆಲಸ ಏನು? ಬಾನೆಟ್ ಎತ್ತುವುದು. ಸೆಲ್ಫ್ ಹೊಡೆಸಿ, ಎಂಜಿನ್ ಸದ್ದು ಕೇಳಿ, ಜೊತೆಗೆ ಬಂದ ನಾಲ್ಕು ಜನ ತಲೆಯಾಡಿಸುವುದು. ಅಷ್ಟಾದರೆ ಅಡ್ವಾನ್ಸ್ ಕೊಟ್ಟ ಹಾಗೆಯೇ.

ದಯವಿಟ್ಟು ಬಾನೆಟ್ ಆಮೇಲೆ ಎತ್ತಿ. ಮೊದಲು ಒಂದು ಗೋಣಿಚೀಲ ಹಾಸಿಕೊಂಡು ಗಾಡಿಯ ಅಡಿಗೆ ಮಲಗಿ. ಈ ಹೊತ್ತು ನಾನು ಹೇಳಬೇಕೆಂದಿರುವುದು ಇದೊಂದೇ ಮಾತು, ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಯಾಕೆ ಅಂದರೆ, ಡೀಸೆಲ್ ಎಂಜಿನ್ ಕೆಟ್ಟರೆ ಬಿಚ್ಚಬಹುದು. ಪಿಸ್ಟನ್ ಸಿಗುತ್ತದೆ, ರಿಂಗ್ ಸಿಗುತ್ತದೆ, ಟರ್ಬೊ ರಿಪೇರಿ ಆಗುತ್ತದೆ, ಇಂಜೆಕ್ಟರ್ ಬದಲಾಯಿಸಬಹುದು. ದುಡ್ಡು ಹೋಗುತ್ತದೆ, ಗಾಡಿ ಉಳಿಯುತ್ತದೆ. ಆದರೆ ಈ ಪಿಕಪ್, ಬೊಲೆರೊ, ಸುಮೊ, ಸ್ಕಾರ್ಪಿಯೊ, ಇನ್ನೋವಾ ಎಲ್ಲ ನಿಂತಿರುವುದು ಏಣಿಯ ಆಕಾರದ ಚಾಸಿ ಮೇಲೆ. ಎಂಜಿನ್, ಬಾಡಿ, ಭಾರ ಹೊರುವ ಸ್ಪ್ರಿಂಗ್ ಪ್ಲೇಟ್‌ಗಳು, ಆಕ್ಸಲ್ ಎಲ್ಲವೂ ಅದಕ್ಕೇ ಕಚ್ಚಿಕೊಂಡಿವೆ. ಅದು ತುಕ್ಕು ಹಿಡಿದು ಟೊಳ್ಳಾಯಿತೋ, ಮಾಡುವುದಕ್ಕೆ ಏನೂ ಉಳಿಯುವುದಿಲ್ಲ. ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಆಗುಂಬೆ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ ಇದೆ. ಜೂನ್‌ನಲ್ಲಿ ಒದ್ದೆಯಾದ ಚಾಸಿ ಅಕ್ಟೋಬರ್‌ವರೆಗೂ ಪೂರ್ತಿ ಒಣಗುವುದಿಲ್ಲ. ಬಯಲುಸೀಮೆಯವರು ಎಂಜಿನ್ ನೋಡಿ ಗಾಡಿ ಕೊಳ್ಳಲಿ, ನಾವು ಹಾಗೆ ಮಾಡುವ ಹಾಗಿಲ್ಲ.

ಅಡಿಗೆ ಹೇಗೆ ಹೋಗಬೇಕು, ಏನು ನೋಡಬೇಕು? ಗಾಡಿ ಸಮತಟ್ಟಾದ ಜಾಗದಲ್ಲಿರಲಿ, ಗೇರಿನಲ್ಲಿರಲಿ, ಚಕ್ರಕ್ಕೆ ಕಲ್ಲು ಕೊಟ್ಟಿರಿ. ಜ್ಯಾಕ್ ಏರಿಸಿ ಅದರಡಿಗೆ ನುಗ್ಗುವ ಸಾಹಸ ಖಂಡಿತ ಬೇಡ. ಪಿಕಪ್ ಸಾಕಷ್ಟು ಎತ್ತರ ಇರುತ್ತದೆ, ಹಾಗೆಯೇ ಹೋಗಬಹುದು. ಕೈಯಲ್ಲಿ ಒಂದು ಟಾರ್ಚ್, ಒಂದು ಸಣ್ಣ ಸುತ್ತಿಗೆ, ಒಂದು ಹಳೇ ಸ್ಕ್ರೂಡ್ರೈವರ್. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ತುಕ್ಕು ಉದುರುತ್ತದೆ.

ಹಿಂದಿನ ಆಕ್ಸಲ್ ಮೇಲೆ ಚಾಸಿ ಕಮಾನಿನಂತೆ ಮೇಲಕ್ಕೆ ಬಾಗಿರುತ್ತದೆ. ಅಲ್ಲಿಂದ ಶುರು ಮಾಡಿ. ಕೆಸರು ಹೋಗಿ ಕೂರುವುದೇ ಅಲ್ಲಿ. ಆಮೇಲೆ ಪ್ಲೇಟ್ ಸೆಟ್ಟಿನ ಎರಡೂ ತುದಿ ಹಿಡಿದಿರುವ ಬ್ರಾಕೆಟ್‌ಗಳು: ಮುಂದೆ ಹ್ಯಾಂಗರ್, ಹಿಂದೆ ಶ್ಯಾಕಲ್. ಆಮೇಲೆ ಕ್ಯಾಬಿನ್ ಕೂರುವ ರಬ್ಬರ್ ಮೌಂಟಿನ ಸುತ್ತ, ಸ್ಟೆಪ್ನಿ ತೂಗುಹಾಕುವ ಅಡ್ಡಪಟ್ಟಿಯ ಮೇಲ್ಭಾಗ. ಒಂದೊಂದು ಕಡೆಯೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ. ಸತ್ತ ಕಬ್ಬಿಣ ಡಬ್ ಅನ್ನುತ್ತದೆ, ಜೊತೆಗೆ ಒಳಗಿನಿಂದ ತುಕ್ಕಿನ ಹಕ್ಕಳೆ ಉದುರಿದ ಸದ್ದೂ ಬರುತ್ತದೆ. ಅನುಮಾನ ಬಂದಲ್ಲಿ ಸ್ಕ್ರೂಡ್ರೈವರ್ ಮೊನೆ ಒತ್ತಿ. ಮೇಲ್ಮೈಯಲ್ಲಿ ಕೆಂಪು ಬಣ್ಣದ ತೆಳು ತುಕ್ಕು ಇದ್ದರೆ ಹೆದರಬೇಡಿ, ಅದು ಮಲೆನಾಡಿನ ಎಲ್ಲ ಗಾಡಿಗೂ ಇರುವುದೇ. ಪದರಪದರವಾಗಿ ಎದ್ದು ಬರುವ ತುಕ್ಕು, ಮೊನೆ ಒಳಕ್ಕೆ ಇಳಿಯುವ ಜಾಗ, ತಗಡು ತೇಪೆ ಹಾಕಿ ವೆಲ್ಡಿಂಗ್ ಮಾಡಿದ ಗುರುತು, ಈ ಮೂರರಲ್ಲಿ ಒಂದು ಕಂಡರೂ ಎದ್ದು ಮೈ ಕೊಡವಿಕೊಂಡು ಬಸ್ಸು ಹಿಡಿಯಿರಿ. ಚೌಕಾಸಿ ಮಾಡುವುದಕ್ಕೂ ನಿಲ್ಲಬೇಡಿ.

ಇನ್ನೊಂದು. ಹತ್ತು ವರ್ಷದ ಗಾಡಿಯ ಅಡಿ ಭಾಗ ಮಿರಿಮಿರಿ ಕಪ್ಪಾಗಿದ್ದರೆ ಖುಷಿಪಡಬೇಡಿ. ಅದು ಮಾರುವ ಮುಂಚೆ ಬಳಿದದ್ದು. ಇದಕ್ಕೆ ಒಂದು ಪಿಕಪ್ಪಿನ ಕಥೆ ಹೇಳಲೇಬೇಕು.

ತೀರ್ಥಹಳ್ಳಿ ಕಡೆಯ ತೋಟದವರೊಬ್ಬರು ಘಟ್ಟದ ಕೆಳಗಿನ ನಂಬರಿನ ಪಿಕಪ್ ಒಂದನ್ನು ಕೊಂಡರು. ಜೊತೆಗೆ ಮೆಕ್ಯಾನಿಕ್ ಕರೆದುಕೊಂಡೇ ಹೋಗಿದ್ದರು, ಆ ಮಟ್ಟಿಗೆ ಜಾಣರು. ಎಂಜಿನ್ ಅಪ್ಪಟ. ಹೊಗೆ ಇಲ್ಲ, ಆಯಿಲ್ ಸೋರಿಕೆ ಇಲ್ಲ, ಗೇರು ಬೆಣ್ಣೆ. ಹಿಂದಿನ ಬಾಡಿಗೆ ಹೊಸ ಶೀಟು, ಹೊಸ ಬಣ್ಣ. ಬಗ್ಗಿ ಇಣುಕಿದರು, ಅಡಿಯೆಲ್ಲ ಹೊಸ ಕಪ್ಪು ಕೋಟಿಂಗ್. ಚೆನ್ನಾಗಿ ಸಾಕಿದ್ದಾರೆ ಅಂದುಕೊಂಡರು. ಗಾಡಿ ಊರಿಗೆ ಬಂತು.

ಒಂದು ಮಳೆಗಾಲ ಕಳೆಯಿತು. ಅಡಿಕೆ ಮೂಟೆ ಹೇರಿದಾಗ ಗಾಡಿ ಎಡಕ್ಕೆ ವಾಲತೊಡಗಿತು. ಪ್ಲೇಟ್ ಕೂತಿದೆ ಅಂದರು, ಒಂದು ಪ್ಲೇಟ್ ಹೆಚ್ಚಿಗೆ ಸೇರಿಸಿದರು. ಸ್ವಲ್ಪ ದಿನ ಸರಿಯಿತ್ತು, ಮತ್ತೆ ವಾಲಿತು. ಯು-ಬೋಲ್ಟ್ ಬಿಗಿ ಮಾಡಿಸಿದರು. ಬುಷ್ ಹಾಕಿಸಿದರು. ಟೈರ್ ಒಂದೇ ಅಂಚು ಸವೆಯುತ್ತಿದೆ ಅಂತ ಅಲೈನ್‌ಮೆಂಟ್ ಮಾಡಿಸಿದರು. ಆಮೇಲೆ ಗುಂಡಿ ಇಳಿದಾಗಲೆಲ್ಲ ಹಿಂದಿನ ಬಾಡಿ ಕ್ಯಾಬಿನ್ನಿಗೆ ತಾಗಿ ಕರ್ ಅನ್ನತೊಡಗಿತು. ಆಗಲೂ ಬಾಡಿ ಬೋಲ್ಟ್ ಸಡಿಲ ಅಂದವರೇ ಹೆಚ್ಚು. ಎಷ್ಟು ಜನ ನೋಡಿದರು, ಎಷ್ಟು ದುಡ್ಡು ಹೋಯಿತು! ಅಡಿಗೆ ಮಲಗಿ ಸುತ್ತಿಗೆಯಿಂದ ಒಂದೇ ಒಂದು ಸಲ ತಟ್ಟಿದವರು ಯಾರೂ ಇರಲಿಲ್ಲ.

ಕೊನೆಗೆ ಲಿಫ್ಟ್ ಮೇಲೆ ಏರಿಸಿ ಕಪ್ಪು ಕೋಟಿಂಗ್ ಕೆರೆದರು. ಅದು ಸಿಪ್ಪೆಯ ಹಾಗೆ ಎದ್ದು ಬಂತು, ಹಿಂಬದಿಗೆ ತುಕ್ಕು ಅಂಟಿಕೊಂಡೇ. ಎಡಗಡೆ ಶ್ಯಾಕಲ್ ಬ್ರಾಕೆಟ್ ಇದ್ದ ಜಾಗದಲ್ಲಿ ಚಾಸಿಯ ಕಬ್ಬಿಣ ಹರಿದು, ಬ್ರಾಕೆಟ್ ಮೇಲಕ್ಕೆ ನುಗ್ಗಿತ್ತು. ರಂಧ್ರದಲ್ಲಿ ಹೆಬ್ಬೆರಳು ತೂರುತ್ತಿತ್ತು. ವಿಚಾರಿಸಿದರೆ ಗೊತ್ತಾದದ್ದು ಇಷ್ಟು: ಗಾಡಿ ವರ್ಷಗಟ್ಟಲೆ ಬಂದರಿನಿಂದ ಮೀನು ಸಾಗಿಸಿತ್ತು. ಐಸು ಕರಗಿದ ಉಪ್ಪುನೀರು ದಿನಾ ಬಾಡಿಯ ಸಂದಿನಿಂದ ಚಾಸಿಯೊಳಗೆ ಇಳಿದಿತ್ತು. ಉಪ್ಪು ಹೊಕ್ಕ ಕಬ್ಬಿಣದ ಮೇಲೆ ಕೋಟಿಂಗ್ ಬಳಿದರೆ ತುಕ್ಕು ನಿಲ್ಲುವುದಿಲ್ಲ, ತೇವ ಒಳಗೇ ಸಿಕ್ಕಿಕೊಂಡು ಕೆಲಸ ಮುಂದುವರಿಸುತ್ತದೆ. ತಗಡು ಇಟ್ಟು ವೆಲ್ಡಿಂಗ್ ಮಾಡಿಸಿದರು. ಮುಂದಿನ ಲೋಡಿಗೇ ವೆಲ್ಡಿಂಗಿನ ಪಕ್ಕದಲ್ಲಿ ಹರಿಯಿತು. ಹರಿಯದೆ ಏನು ಮಾಡೀತು? ಹೊಸ ತಗಡು ಹಿಡಿದುಕೊಳ್ಳಬೇಕಾದ ಹಳೇ ಕಬ್ಬಿಣವೇ ಕಾಗದದಷ್ಟು ತೆಳುವಾಗಿತ್ತು. ಗಾಡಿ ಗುಜರಿಗೆ ಹೋದ ದಿನವೂ ಎಂಜಿನ್ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತಿತ್ತು.

ಆದ್ದರಿಂದ ಕೆಎ-19, ಕೆಎ-20, ಕೆಎ-30, ಕೆಎ-47, ಅಂದರೆ ಮಂಗಳೂರು, ಉಡುಪಿ, ಕಾರವಾರ, ಹೊನ್ನಾವರದ ನಂಬರ್ ಕಂಡರೆ ಎರಡು ಸಲ ಅಡಿಗೆ ಹೋಗಿ.

ಹಾಗಂತ ನಮ್ಮದೇ ಶಿವಮೊಗ್ಗ, ಸಾಗರದ ಕೆಎ-14, ಕೆಎ-15 ಗಾಡಿ ಎಲ್ಲ ಚೊಕ್ಕ ಅಂತಲ್ಲ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವವರು ಕೇಳಿ. ಮೈಲುತುತ್ತವನ್ನು, ಅಂದರೆ ತಾಮ್ರದ ಸಲ್ಫೇಟನ್ನು, ಕಬ್ಬಿಣದ ಬಕೆಟ್ಟಿನಲ್ಲಿ ಕರಗಿಸಬಾರದು ಅಂತ ನಿಮಗೆ ನಾನು ಹೇಳಿಕೊಡಬೇಕಿಲ್ಲ. ಮೈಲುತುತ್ತಕ್ಕೆ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಲದಿದ್ದರೆ ಅದ್ದಿದ ಕತ್ತಿಯ ಮೇಲೆ ತಾಮ್ರ ಕೆಂಪಗೆ ಕೂರುತ್ತದೆ, ಅದನ್ನು ನೋಡಿಯೇ ಅಲ್ಲವೇ ನೀವು ಇನ್ನಷ್ಟು ಸುಣ್ಣ ಹಾಕುವುದು? ತಾಮ್ರ ಕೂತಷ್ಟೂ ಕತ್ತಿಯ ಕಬ್ಬಿಣ ಕರಗಿರುತ್ತದೆ. ಅದೇ ಮೈಲುತುತ್ತದ ನೀರಿನ ಡ್ರಮ್ಮನ್ನು ಪಿಕಪ್ಪಿನ ಹಿಂದೆ ಇಟ್ಟು, ತುಳುಕಿಸಿಕೊಂಡು ತೋಟಕ್ಕೆ ಹೋಗುತ್ತೀರಿ! ಪೊಟ್ಯಾಷ್ ಚೀಲವೂ ಅಷ್ಟೇ, ಅದರಲ್ಲಿ ಕ್ಲೋರೈಡ್ ಇದೆ, ಚೆಲ್ಲಿದ ಪುಡಿಗೆ ತೇವ ತಾಗಿದರೆ ಉಪ್ಪುನೀರಿನ ಕೆಲಸವನ್ನೇ ಮಾಡುತ್ತದೆ. ಡ್ರಮ್ಮಿನಡಿ ದಪ್ಪ ಟಾರ್ಪಾಲಿನ ನಾಲ್ಕೂ ಅಂಚು ಮಡಿಸಿ ಹಾಸಿ. ಹೊತ್ತು ಬಂದ ದಿನವೇ ಬಾಡಿ ತೊಳೆಯಿರಿ. ಮೇಲೆ ಮಾತ್ರವಲ್ಲ, ಅಡಿಗೂ ನೀರು ಹೊಡೆಯಿರಿ.

ತೊಳೆಯುವುದಕ್ಕೂ ಕ್ರಮ ಇದೆ. ಚಾಸಿಯ ಉದ್ದಕ್ಕೂ ರಂಧ್ರಗಳಿರುತ್ತವೆ. ಪೈಪನ್ನು ಆ ರಂಧ್ರಕ್ಕೇ ಇಟ್ಟು, ಇನ್ನೊಂದು ತುದಿಯಲ್ಲಿ ಕೆಂಪು ನೀರು ನಿಂತು ತಿಳಿನೀರು ಬರುವವರೆಗೆ ಬಿಡಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಇದನ್ನು ಮಾಡಿದರೆ ಸಾಕು. ಕೋಟಿಂಗ್ ಮಾಡಿಸುವುದಿದ್ದರೆ ಮಳೆ ಮುಗಿದು, ಒಂದೆರಡು ವಾರ ಬಿಸಿಲು ಬಿದ್ದ ಮೇಲೆ. ತಂತಿ ಬ್ರಶ್ಶಿನಲ್ಲಿ ಸಡಿಲ ತುಕ್ಕು ತೆಗೆದು, ಅದರ ಮೇಲೆ ಉಳಿದ ತುಕ್ಕನ್ನು ಗಟ್ಟಿ ಪದರವಾಗಿಸುವ ರಸ್ಟ್ ಕನ್ವರ್ಟರ್ ದ್ರಾವಣ, ಅದು ಒಣಗಿದ ಮೇಲೆ ಪ್ರೈಮರ್, ಕೊನೆಗೆ ಕೋಟಿಂಗ್. ಚಾಸಿಯ ಒಳಭಾಗಕ್ಕೆ ಮೇಣದ ಸ್ಪ್ರೇ ಬರುತ್ತದೆ, ಉದ್ದ ನಳಿಗೆಯಲ್ಲಿ ಹೊಡೆಸಿ. ಕೆಲವರು ಹಳೇ ಎಂಜಿನ್ ಆಯಿಲ್ ಎರಚುತ್ತಾರೆ. ಆಯಿಲ್ ತಾಗಿದ ರಬ್ಬರ್ ಬುಷ್ಷು, ಬ್ರೇಕ್ ಹೋಸು ಉಬ್ಬಿ ಹಾಳಾಗುತ್ತವೆ, ಉಳಿದದ್ದು ತೊಟ್ಟಿಕ್ಕಿ ನಿಮ್ಮ ಹಳ್ಳಕ್ಕೇ ಸೇರುತ್ತದೆ. ಆ ಬುದ್ಧಿವಂತಿಕೆ ಬೇಡ.

ಕಥೆಯಲ್ಲೇ ಹೊತ್ತು ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ.

ಅಡಿ ನೋಡಿ ಎದ್ದ ಮೇಲೆ ಎಂಜಿನ್. ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಮಾರುವವರಿಗೆ ಹಿಂದಿನ ದಿನವೇ ಹೇಳಿ. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡಿ, ಬಿಸಿ ಇದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ಮೊದಲು ಡಿಪ್‌ಸ್ಟಿಕ್: ಡೀಸೆಲ್ ಗಾಡಿಯ ಆಯಿಲ್ ಕಪ್ಪಗಿರುವುದು ಸಹಜ, ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಕೀ ತಿರುಗಿಸಿ, ಸುರುಳಿ ಗುರುತಿನ ಗ್ಲೋ ದೀಪ ಆರಿದ ಮೇಲೆ ಸ್ಟಾರ್ಟ್ ಮಾಡಿ. ಚಳಿಗೆ ಒಂದಿಷ್ಟು ಬಿಳಿ ಹೊಗೆ ಬಂದು ನಿಂತರೆ ಪರವಾಗಿಲ್ಲ. ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಾ ಕೂಲೆಂಟ್ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಮುಚ್ಚಳ ಬಿಚ್ಚಿ ಬಾಯಿಯ ಮೇಲೆ ಬೋರಲು ಇಡಿ. ಅದು ಕುಣಿದು ಹಾರಿಬಿದ್ದರೆ ರಿಂಗ್ ಸವೆದಿದೆ. ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ ಕ್ಲಚ್ ಬಿಡಿ. ಎಂಜಿನ್ ಬಂದ್ ಬೀಳಬೇಕು, ಬೀಳದೆ ಓಡುತ್ತಲೇ ಇದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಹಳೇ ಇನ್ನೋವಾದ ಎರಡೂವರೆ ಲೀಟರ್ ಎಂಜಿನ್ನಿಗೆ ಟೈಮಿಂಗ್ ಬೆಲ್ಟ್ ಇದೆ. ಬದಲಾಯಿಸಿದ ಬಿಲ್ ಕಾಣದಿದ್ದರೆ ಕೊಂಡ ವಾರವೇ ಹೊಸದು ಹಾಕಿಸಿ. ಅದು ಹರಿದರೆ ವಾಲ್ವ್ ಹೋಗಿ ಪಿಸ್ಟನ್ನಿಗೆ ಹೊಡೆಯುತ್ತದೆ.

ಡೀಸೆಲ್ಲಿನಲ್ಲಿ ನೀರು ಸೇರುವುದು ನಮ್ಮಲ್ಲಿ ದೊಡ್ಡ ತೊಂದರೆ. ಟಿಲ್ಲರಿಗೆ ಅಂತ ಕ್ಯಾನಿನಲ್ಲಿ ತಂದಿಟ್ಟ ಡೀಸೆಲ್ ಗಾಡಿಗೆ ಹಾಕಬೇಡಿ. ಇಂಜೆಕ್ಟರಿಗೆ ಭಾರಿ ಒತ್ತಡದಲ್ಲಿ ಡೀಸೆಲ್ ತಳ್ಳುವ ಕಾಮನ್ ರೈಲ್ ಪಂಪಿಗೆ ಜಾರುವ ಗುಣ ಕೊಡುವುದು ಡೀಸೆಲ್ಲೇ. ನೀರು ಹೊಕ್ಕರೆ ಪಂಪು ಸವೆದು, ಅದರ ಕಬ್ಬಿಣದ ಪುಡಿ ಅಷ್ಟೂ ಇಂಜೆಕ್ಟರಿಗೆ ಹೋಗುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಫಿಲ್ಟರಿನ ಅಡಿಯ ಡ್ರೈನ್ ತಿರುಪು ಸಡಿಲಿಸಿ, ನೂರು ಎಂ.ಎಲ್. ಆಗುವಷ್ಟು ಗಾಜಿನ ಬಾಟಲಿಗೆ ಇಳಿಸಿ. ತಳದಲ್ಲಿ ನೀರು ಬೇರೆಯಾಗಿ ಕೂತರೆ, ಬರೀ ಡೀಸೆಲ್ ಬರುವವರೆಗೆ ಬಿಡಿ. ತಿರುಪು ಬಿಗಿದು, ಕೈಪಂಪ್ ಗಟ್ಟಿಯಾಗುವವರೆಗೆ ಒತ್ತಿ, ಆಮೇಲೆ ಸ್ಟಾರ್ಟ್.

ಘಟ್ಟ ಇಳಿಯುವವರಿಗೆ ಇನ್ನೊಂದು ಮಾತು. ಅದಕ್ಕೂ ಅಡಿಗೇ ಹೋಗಬೇಕು ನೋಡಿ! ಅನೇಕ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ಲಿನಿಂದ ಚಾಸಿಗೆ ಒಂದು ಸಣ್ಣ ಸರಳು, ಅದರ ತುದಿಗೆ ಒಂದು ವಾಲ್ವ್ ಇರುತ್ತದೆ. ಲೋಡ್ ಎಷ್ಟಿದೆಯೋ ಅದಕ್ಕೆ ತಕ್ಕ ಹಾಗೆ ಹಿಂದಿನ ಬ್ರೇಕಿಗೆ ಒತ್ತಡ ಹಂಚುವುದು ಅದು. ತುಕ್ಕು ಹಿಡಿದು ಅಂಟಿಕೊಂಡರೆ, ಲೋಡ್ ಇದ್ದಾಗ ಹಿಂದಿನ ಬ್ರೇಕ್ ಸಾಲುವುದಿಲ್ಲ, ಮುಂದಿನದು ಕಾದು ಹೊಗೆಯಾಡುತ್ತದೆ. ಕೆಲವು ಗಾಡಿಯಲ್ಲಿ ಸರಳನ್ನು ತಂತಿಯಿಂದ ಬಿಗಿದು ಕಟ್ಟಿರುತ್ತಾರೆ. ಅಂಥ ಗಾಡಿಯನ್ನು ಆಗುಂಬೆಯ ಹದಿನಾಲ್ಕು ತಿರುವಿಗೆ ಇಳಿಸುವ ಮುನ್ನ ಆ ವಾಲ್ವ್ ಸರಿಮಾಡಿಸಿ, ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಇಳಿಯುವಾಗ ಎರಡನೇ ಗೇರಿನಲ್ಲೇ ಇರಿ, ನ್ಯೂಟ್ರಲ್ ಮಾತು ಬೇಡ.

2020ರ ಏಪ್ರಿಲ್ ನಂತರದ, ಹೊಗೆಯ ಬಿಗಿ ನಿಯಮಕ್ಕೆ ಒಳಪಟ್ಟ ಬಿಎಸ್-6 ಗಾಡಿ ಕೊಳ್ಳುವವರಿಗೆ ಒಂದೇ ಮಾತು: ದಿನಾ ಮನೆಯಿಂದ ತೋಟಕ್ಕೆ ಎರಡು ಕಿಲೋಮೀಟರ್ ಓಡಿಸುವುದಾದರೆ ಅದು ನಿಮಗೆ ಬೇಡ. ಹೊಗೆನಳಿಗೆಯ ಡಿಪಿಎಫ್ ಫಿಲ್ಟರಿನಲ್ಲಿ ಮಸಿ ತುಂಬುತ್ತದೆ, ಅದನ್ನು ಸುಡುವಷ್ಟು ಬಿಸಿ ಬರುವುದೇ ಇಲ್ಲ. ಮಸಿ ಸುಡಲೆಂದು ಎಂಜಿನ್ ಹೆಚ್ಚಿಗೆ ಹೊಡೆದ ಡೀಸೆಲ್ ಉರಿಯದೆ ಉಳಿದು, ಎಂಜಿನ್ ಆಯಿಲ್ಲಿಗೆ ಇಳಿದು, ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಏರುತ್ತಾ ಹೋಗುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸುವ ಅಭ್ಯಾಸ ಇದ್ದರೆ ಕೊಳ್ಳಿ.

ಕಾಗದಪತ್ರ. ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಚಾಸಿಯ ಮೇಲೆ ಒತ್ತಿದ ನಂಬರಿಗೆ ಅಕ್ಷರ ಅಕ್ಷರ ತಾಳೆ ನೋಡಿ, ಉಜ್ಜಿದ ಗುರುತಿದ್ದರೆ ಬೇಡ. ಸಾಲದ ನಮೂದು ಇದ್ದರೆ ಬ್ಯಾಂಕಿನ ಪತ್ರ ಮತ್ತು ಫಾರಂ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಹಳದಿ ಬೋರ್ಡಿನ ಪಿಕಪ್ಪಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಆಗಬೇಕು. ಮುಗಿಯುವ ತಾರೀಖು ನೋಡಿಯೇ ಬೆಲೆ ಮಾತಾಡಿ. ಹಸ್ತಾಂತರಕ್ಕೆ ಫಾರಂ 29 ಮತ್ತು 30. ಸಹಿ ಹಾಕಿಸಿಕೊಂಡು ಡ್ರಾಯರಿನಲ್ಲಿ ಇಡಬೇಡಿ, ಆರ್‌ಟಿಒ ಕಚೇರಿಗೆ ಕೊಡಿ.

ನಮಸ್ಕಾರ.