ತಾಟಿನಲ್ಲಿ ಕಾಳು ಎಲ್ಲಿ?

ಎಲ್ಲರಿಗೂ ನಮಸ್ಕಾರ. ರೇಡಿಯೋದಲ್ಲಿ ನನಗೆ ಕೊಟ್ಟಿರುವುದು ಹತ್ತೇ ನಿಮಿಷ, ಅದಕ್ಕೆ ನೇರ ವಿಷಯಕ್ಕೆ ಬರುತ್ತೇನೆ. ನಾನು ಹುಬ್ಬಳ್ಳಿಯಲ್ಲಿ ಡಾಕ್ಟರು. ನನ್ನ ಹತ್ತಿರ ಬರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಅರವತ್ತು ದಾಟಿದವರು, ಜೊತೆಗೆ ಮಗನೋ ಸೊಸೆಯೋ ಬಂದಿರುತ್ತಾರೆ. ಇವತ್ತು ನಾನು ಮಾತಾಡುತ್ತಿರುವುದು ಆ ಮಗ-ಸೊಸೆಯ ಜೊತೆ. ರೊಟ್ಟಿ ಬಡಿಯುತ್ತಾ ಕೇಳುತ್ತಿದ್ದರೆ ಬಡಿಯುತ್ತಲೇ ಕೇಳಿ, ವಿಷಯ ಇರುವುದು ಅಡುಗೆಮನೆಯಲ್ಲೇ.

ಅಪ್ಪನ ಬಿ.ಪಿ. ಎಷ್ಟು, ಶುಗರ್ ಎಷ್ಟು ಅಂದರೆ ಎಲ್ಲರೂ ಪಟಪಟ ಹೇಳುತ್ತಾರೆ. ಅಪ್ಪನ ತೊಡೆ ಹೋದ ವರ್ಷಕ್ಕಿಂತ ಎಷ್ಟು ಸಣ್ಣ ಆಗಿದೆ ಅಂತ ಕೇಳಿದರೆ ಮುಖ ಮುಖ ನೋಡುತ್ತಾರೆ. ಧೋತರ ಉಟ್ಟಿರುತ್ತಾರೆ, ಕಾಣುವುದಿಲ್ಲ. ವಯಸ್ಸಾದಂತೆ ಮೈಯಲ್ಲಿನ ಮಾಂಸಖಂಡ ಕರಗುತ್ತದೆ. ಇದಕ್ಕೆ ಸಾರ್ಕೋಪೀನಿಯಾ ಅಂತ ಹೆಸರು, 1980ರ ದಶಕದ ಕೊನೆಗೆ ಇಟ್ಟದ್ದು, ಗ್ರೀಕ್ ಶಬ್ದ, ಖಂಡ ಕಡಿಮೆ ಆಗಿದೆ ಅಂತ ಅಷ್ಟೇ ಅರ್ಥ. ಹೆಸರು ಮರೆತುಬಿಡಿ. ಖಂಡ ಕಟ್ಟುವ ಪ್ರೋಟೀನ್ ಕಾಳಿನಲ್ಲಿದೆ, ಅದಕ್ಕೆ ನೆನಪಿಡಬೇಕಾದದ್ದು ಒಂದೇ ಪ್ರಶ್ನೆ: ತಾಟಿನಲ್ಲಿ ಕಾಳು ಎಲ್ಲಿ?

ನವಲಗುಂದ ಕಡೆಯ ಒಬ್ಬ ಅಜ್ಜರ ಕಥೆ ಹೇಳುತ್ತೇನೆ. ಎಪ್ಪತ್ತನಾಲ್ಕು ವರ್ಷ. ಹರೆಯದಲ್ಲಿ ಊರ ಜಾತ್ರೆಯಲ್ಲಿ ನೂರು ಕಿಲೋ ಜೋಳದ ಚೀಲ ಎತ್ತಿ ಬೆಳ್ಳಿ ಕಡಗ ಗೆದ್ದವರು. ಆ ಕಡಗ ಇನ್ನೂ ಕೈಯಲ್ಲೇ ಇತ್ತು, ಆದರೆ ಕೈ ಎತ್ತಿ ನಮಸ್ಕಾರ ಮಾಡಿದರೆ ಸರ್ರನೆ ಮೊಳಕೈವರೆಗೆ ಜಾರುತ್ತಿತ್ತು. ನ್ಯುಮೋನಿಯಾ ಆಗಿ ಎರಡು ವಾರ ಆಸ್ಪತ್ರೆಯಲ್ಲಿದ್ದರು, ಮನೆಗೆ ಬಂದ ಮೇಲೆ ಮತ್ತೆ ಒಂದು ತಿಂಗಳು ಮಂಚ. ಜ್ವರ ಹೋಯಿತು, ಕೆಮ್ಮು ಹೋಯಿತು, ಎಕ್ಸ್-ರೇ ಸ್ವಚ್ಛ ಆಯಿತು, ಅಜ್ಜ ಮಾತ್ರ ಏಳಲಿಲ್ಲ. ಇಬ್ಬರು ಮಕ್ಕಳು ರಟ್ಟೆ ಹಿಡಿದು ಕರೆತಂದರು. ದೊಡ್ಡ ಮಗ ಕೂರುವ ಮೊದಲೇ, "ಸಾಹೇಬ್ರ, ನಿಶ್ಯಕ್ತಿ ಭಾಳ ಆಗೇತ್ರಿ, ಒಂದ್ ಬಾಟ್ಲಿ ಹಚ್ಚಿಬಿಡ್ರಿ" ಅಂದ.

ಈ ಬಾಟ್ಲಿ ವಿಷಯಕ್ಕೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ, ಕ್ಷಮಿಸಿ. ಅರ್ಧ ಲೀಟರಿನ ಗ್ಲೂಕೋಸ್ ಬಾಟ್ಲಿಯಲ್ಲಿ ಸಾಮಾನ್ಯವಾಗಿ ಇರುವುದು 25 ಗ್ರಾಂ ಸಕ್ಕರೆ. ಐದಾರು ಚಮಚ ಅನ್ನಿ, ನಮ್ಮ ಕಡೆಯ ಎರಡು ಕಪ್ ಚಾದಲ್ಲಿ ಅಷ್ಟು ಆರಾಮಾಗಿ ಇರುತ್ತದೆ. ಖಂಡ ಕಟ್ಟುವ ಪ್ರೋಟೀನ್ ಒಂದು ಗ್ರಾಮೂ ಇಲ್ಲ. ವಾಂತಿ-ಭೇದಿಯಾಗಿ ನೀರು ಹೋದವರಿಗೆ ಬಾಟ್ಲಿ ಬೇಕು, ಇಲ್ಲ ಅನ್ನಲ್ಲ. ತೊಡೆ ಕರಗಿದವರಿಗೆ ಅದರಿಂದ ಏನಾಗಬೇಕು?

"ಏನು ಊಟ ಮಾಡ್ತಾರೆ?" ಅಂದೆ. ಸೊಸೆ ಹೇಳಿದಳು: ಬೆಳಿಗ್ಗೆ ಚಾ-ಟೋಸ್ಟ್, ಮಧ್ಯಾಹ್ನ ಗಂಜಿ, ಸಂಜೆ ಚಾ-ಬಿಸ್ಕೀಟು, ರಾತ್ರಿ ಮತ್ತೆ ಗಂಜಿ. "ಹಗೂರ ಊಟ ಕೊಡ್ರಿ ಅಂದಿದ್ರು, ಒಂದಿನಾನೂ ತಪ್ಪಿಸಿಲ್ರಿ." ಪಾಪ, ಎಷ್ಟು ಶ್ರದ್ಧೆಯಿಂದ ಮಾಡಿದ್ದಳು. ನಾನು ಅಲ್ಲೇ ಚೀಟಿಯ ಹಿಂದೆ ಲೆಕ್ಕ ಹಾಕಿದೆ. ಅಜ್ಜರ ತೂಕ 50 ಕಿಲೋ. ಇಂಥ ಕಾಯಿಲೆಯಿಂದ ಎದ್ದ ಹಿರಿಯರಿಗೆ ಕಿಲೋಗೆ 1.2 ಗ್ರಾಂ ಆದರೂ ಪ್ರೋಟೀನ್ ಬೇಕು, ಅಂದರೆ ದಿನಕ್ಕೆ 60 ಗ್ರಾಂ. ಆ ಗಂಜಿ, ಚಾ, ಬಿಸ್ಕೀಟು ಎಲ್ಲ ಕೂಡಿಸಿದರೂ ಇಪ್ಪತ್ತು ದಾಟಲಿಲ್ಲ. ದೇಹ ಸುಮ್ನೆ ಕೂರುತ್ತದಾ? ಕಾಯಿಲೆಯ ಜೊತೆ ಹೊಡೆದಾಡಲು ಅದಕ್ಕೂ ಸಾಮಾನು ಬೇಕು, ತಾಟಿನಲ್ಲಿ ಸಿಗದಿದ್ದರೆ ತೊಡೆಯಿಂದ ತೆಗೆದುಕೊಳ್ಳುತ್ತದೆ. ಮೇಲೆ ಮಲಗಿದ್ದು ಬೇರೆ. 2007ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಬಂತು. ಯಾವ ರೋಗವೂ ಇಲ್ಲದ ಹಿರಿಯರನ್ನು ಬರೀ 10 ದಿನ ಮಂಚದ ಮೇಲೆ ಇಟ್ಟಿದ್ದರು, ಅಷ್ಟಕ್ಕೇ ಕಾಲುಗಳಿಂದ ಹತ್ತಿರ ಹತ್ತಿರ 1 ಕಿಲೋ ಖಂಡ ಹೋಗಿತ್ತು. ನಮ್ಮ ಅಜ್ಜ ಆರು ವಾರ ಮಲಗಿದ್ದರು, ಅದೂ ಗಂಜಿ ಕುಡಿದು.

ಇನ್ನೊಂದು ತಮಾಷೆ ನೋಡಿ. ಹರೆಯದ ದೇಹಕ್ಕೆ ಒಂದು ಹಿಡಿ ಕಾಳು ಹಾಕಿದರೂ ಖಂಡ ಕಟ್ಟುವ ಕೆಲಸ ಶುರು ಮಾಡುತ್ತದೆ. ವಯಸ್ಸಾದ ದೇಹ ಸೋಮಾರಿ ಎತ್ತಿನ ಹಾಗೆ, ಜಾಸ್ತಿ ಹಾಕಿದರೇ ಏಳುವುದು. ನಾವು ಮಾಡುವುದು ಉಲ್ಟಾ, ವಯಸ್ಸಾಯಿತು ಅಂತ ಕಾಳು ಕಡಿಮೆ ಮಾಡಿ ಸಾರು ಜಾಸ್ತಿ ಮಾಡುತ್ತೇವೆ.

ಅಜ್ಜರು ತಕರಾರು ತೆಗೆದರು. "ಹಲ್ಲಿಲ್ರಿ, ಮತ್ತ ಕಾಳು ವಾಯು ಆಕ್ಕೈತಿ." ಹಲ್ಲಿಲ್ಲದಿದ್ದರೆ ರೊಟ್ಟಿ ಮುರಿದು ಬಿಸಿ ಹಾಲಿನಲ್ಲಿ ನೆನೆಹಾಕಿ, ಹತ್ತು ನಿಮಿಷಕ್ಕೆ ಮೆತ್ತಗಾಗುತ್ತದೆ. ವಾಯು ಅಂದರೆ ಕಾಳನ್ನು ರಾತ್ರಿಯೆಲ್ಲ ನೆನೆಸಿ ಆ ನೀರು ಚೆಲ್ಲಿ, ಮಡಕಿಕಾಳು ಹೆಸರುಕಾಳು ಮೊಳಕೆ ಬರಿಸಿ, ಕುಕ್ಕರಿನಲ್ಲಿ ಎರಡು ಸೀಟಿ ಜಾಸ್ತಿ ಹೊಡೆಸಿ, ಇಂಗು ಬಳ್ಳೊಳ್ಳಿ ಒಗ್ಗರಣೆ ಕೊಡಿ. ಅವರ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ, ಸರಿ, ಬೇಡ. ತಿನ್ನುವವರಿಗೆ ಒಂದು ಮೊಟ್ಟೆಯಲ್ಲಿ 6 ಗ್ರಾಂ ಸಿಗುತ್ತದೆ. ಅಜ್ಜರಿಗೆ ನಾನು ಬರೆದುಕೊಟ್ಟದ್ದು ಇಷ್ಟು: ದಿನಕ್ಕೆ ಮೂರು ಜೋಳದ ರೊಟ್ಟಿ, ಎರಡು ಲೋಟ ಹಾಲು, ಎರಡು ಹೊತ್ತು ಒಂದೊಂದು ಬಟ್ಟಲು ಕಾಳುಪಲ್ಯ, ಒಂದು ಹೊತ್ತು ಕಡಲೆಹಿಟ್ಟಿನ ಝುಣಕ, ಒಂದು ಹಿಡಿ ಶೇಂಗಾ ಪುಡಿ ಮಾಡಿ ಗಟ್ಟಿ ಮೊಸರಿನಲ್ಲಿ ಕಲಸಿ. ಲೆಕ್ಕ ಹಾಕಿ, ಅರವತ್ತರ ಹತ್ತಿರ ಬಂತು. ಯಾವ ಡಬ್ಬಿ ಪೌಡರೂ ಇಲ್ಲ. ನಮ್ಮ ಊಟದಲ್ಲಿ ಎಲ್ಲ ಇದೆ, ಹಿರಿಯರಿಗೆ ಬಡಿಸುವಾಗ ಮಾತ್ರ ಕಾಳು ಪಾತ್ರೆಯಲ್ಲೇ ಉಳಿಯುತ್ತದೆ.

ಬರೀ ತಿಂದರೆ ಆಗಲ್ಲ, ಕಾಲಿಗೆ ಕೆಲಸ ಕೊಡಬೇಕು. ಕುರ್ಚಿಯಿಂದ ಏಳುವುದು, ಕೂರುವುದು. ಮೊದಲ ದಿನ ಅಜ್ಜ ಮಗನ ಹೆಗಲು ಹಿಡಿದು ಎರಡು ಸಲ ಎದ್ದರು, ಬೈದರು ಕೂಡ. ದಿನಕ್ಕೆ ಮೂರು ಹೊತ್ತು ಮಾಡಿಸಿ ಅಂದೆ. ಈ ವಯಸ್ಸಿನಲ್ಲಿ ಖಂಡ ಎಲ್ಲಿ ಬರುತ್ತದೆ ಅನ್ನುವವರಿಗೆ ಹೇಳುತ್ತೇನೆ, 1990ರಲ್ಲೇ ಬಾಸ್ಟನ್ನಿನಲ್ಲಿ ವೃದ್ಧಾಶ್ರಮದ ತೊಂಬತ್ತರ ಆಸುಪಾಸಿನವರಿಗೆ 8 ವಾರ ಕಾಲಿಗೆ ಭಾರ ಕಟ್ಟಿ ವ್ಯಾಯಾಮ ಮಾಡಿಸಿದರು, ಕಾಲಿನ ಬಲ ಎರಡು ಪಟ್ಟಿಗಿಂತ ಜಾಸ್ತಿ ಆಯಿತು. ತೊಂಬತ್ತು! ನಮ್ಮ ಅಜ್ಜ ಇನ್ನೂ ಹುಡುಗ. ಮೂರು ತಿಂಗಳಿಗೆ ಕೋಲು ಹಿಡಿದು ತಾವೇ ನಡೆದು ಬಂದರು, ಕಡಗ ಮೊಳಕೈಗೆ ಇನ್ನೂ ನಾಲ್ಕು ಬೆರಳು ಇರುವಾಗಲೇ ನಿಲ್ಲುತ್ತಿತ್ತು. ಮಗ ಮಾತ್ರ ಹೋಗುವಾಗ ಬಾಗಿಲಲ್ಲಿ ತಿರುಗಿ, "ಆದ್ರೂ ಒಂದ್ ಬಾಟ್ಲಿ ಹಚ್ಚಿದ್ರ ಹೆಂಗ್ರೀ?" ಅಂದ.

ಅಯ್ಯೋ, ಗಾಜಿನ ಆಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ, ಎರಡೇ ನಿಮಿಷ ಉಳಿದಿದೆ. ಬೇಗ ಹೇಳುತ್ತೇನೆ. ಮನೆಯಲ್ಲೇ ಪರೀಕ್ಷೆ ಮಾಡಿ: ಎರಡೂ ಕೈ ಎದೆಗೆ ಕಟ್ಟಿ ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹೇಳಿ, ಪಕ್ಕದಲ್ಲಿ ನೀವು ನಿಂತಿರಿ. 12 ಸೆಕೆಂಡು ದಾಟಿದರೆ ಡಾಕ್ಟರಿಗೆ ತೋರಿಸಿ. ಎರಡೂ ಕೈಯ ಹೆಬ್ಬೆರಳು, ತೋರುಬೆರಳು ಕೂಡಿಸಿ ಮೀನಖಂಡದ ದಪ್ಪ ಜಾಗದಲ್ಲಿ ಸುತ್ತು ಹಾಕಿ ನೋಡಲಿ, ಬೆರಳಿನ ಸುತ್ತಿಗೂ ಮೀನಖಂಡಕ್ಕೂ ನಡುವೆ ಸಂದಿ ಉಳಿದರೆ ಖಂಡ ಕರಗಿರಬಹುದು. ಕಿಡ್ನಿ ತೊಂದರೆ ಇದ್ದವರು ನಿಮ್ಮ ಡಾಕ್ಟರನ್ನು ಕೇಳಿಯೇ ಕಾಳು ಹೆಚ್ಚಿಸಿ. ಹಲ್ಲಿನ ಸೆಟ್ಟು, ವಿಟಮಿನ್ ಡಿ, ಬಚ್ಚಲಲ್ಲಿ ಜಾರಿ ಬೀಳುವುದು, ಇದೆಲ್ಲ ಹೇಳಬೇಕಿತ್ತು, ಅಜ್ಜರೇ ಟೈಮ್ ಎಲ್ಲ ತಿಂದರು.

ಮುಂದೆ ಹಾಡು ಇದೆಯಂತೆ. ಅದು ಮುಗಿಯುವುದರೊಳಗೆ ಎದ್ದು ಹೋಗಿ ನಾಳೆಗೆ ಎರಡು ಹಿಡಿ ಹೆಸರುಕಾಳು ನೆನೆಹಾಕಿ ಬನ್ನಿ. ನಮಸ್ಕಾರ.